ಲವಂಗ ಅಗಿದ ಮಳೆಗಾಲ

ನೋವು ಮನುಷ್ಯನನ್ನು ಪಕ್ವಗೊಳಿಸುತ್ತದೆ, ಅಹಂಕಾರವನ್ನು ಕರಗಿಸುತ್ತದೆ, ಕೊನೆಗೆ ಅವನನ್ನು ಶಿವನ ಸಮೀಪಕ್ಕೆ ಒಯ್ಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದ ಯಾರಿಗೂ ಸರ್ಪಸುತ್ತು ಆಗಿದ್ದಂತೆ ಕಾಣುವುದಿಲ್ಲ. ನನ್ನನ್ನು ನೋವು ಒಯ್ದದ್ದು ಮೈಸೂರಿನ ಒಬ್ಬ ನರದ ಡಾಕ್ಟರ ಸಮೀಪಕ್ಕೆ. ಅಲ್ಲಿಂದ ಮುಂದಕ್ಕೆ ನನ್ನನ್ನು ಎಲ್ಲೆಲ್ಲಿಗೋ ಒಯ್ದದ್ದು ಅವರು ಬರೆದುಕೊಟ್ಟ ಮಾತ್ರೆ.

ಇದೆಲ್ಲ ನೆನಪಾದದ್ದು ಈಚೆಗೆ, ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ. ನಿವೃತ್ತನಾದ ಮೇಲೆ ಆ ದಾರಿಗೆ ಕಾಲಿಟ್ಟಿರಲಿಲ್ಲ. ಪಕ್ಕದಲ್ಲಿ ಕುಳಿತವನು ಪೊಟ್ಟಣ ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಎಡಪಕ್ಕೆ ನನ್ನನ್ನು ಕೇಳದೆಯೇ ಕಿಟಕಿಯಿಂದ ದೂರ ಸರಿಯಿತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತು. ಎಷ್ಟೋ ವರ್ಷಗಳ ಹಿಂದಿನ ಭಯ ಟಿಕೆಟ್ಟಿಲ್ಲದೆ ಹತ್ತಿ ಪಕ್ಕದಲ್ಲಿ ಕುಳಿತಂತಾಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಮಳೆಗಾಲ ಅದು. ಮನೆ ನಂಜನಗೂಡಿನಲ್ಲಿ, ಕೆಲಸ ನರಸೀಪುರದ ಒಂದು ಪ್ರೌಢಶಾಲೆಯಲ್ಲಿ, ಕನ್ನಡ ಪಂಡಿತನಾಗಿ. ಹೆಡ್‌ಮಾಸ್ತರಿಕೆಯನ್ನು ನಾನು ಎಂದೂ ಬಯಸಿದವನಲ್ಲ. ಕೊಡಲು ಯಾರೂ ಬರಲೂ ಇಲ್ಲ. ನನಗೆ ಬೇಕಿದ್ದದ್ದು ಒಂದೇ, ಹತ್ತನೇ ತರಗತಿಯ ಕನ್ನಡ. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಹಳೆಗನ್ನಡದ ಪದ್ಯವನ್ನು ರಾಗವಾಗಿ ಓದುವುದು, ಹಿಂದಿನ ಬೆಂಚಿನ ಹುಡುಗರು ಕೂಡ ಒಂದು ಗಳಿಗೆ ಕಿಟಕಿಯಿಂದ ಮುಖ ತಿರುಗಿಸುವುದು. ನನ್ನ ಸ್ಥಿರಾಸ್ತಿ, ಚರಾಸ್ತಿ ಎರಡೂ ಅಷ್ಟೇ.

ಬೇಸಿಗೆ ರಜೆಯಲ್ಲಿ ಎಡಪಕ್ಕೆಯ ಮೇಲೆ ಬೊಬ್ಬೆಗಳೆದ್ದವು. ಹಾವಿನ ತಲೆಯೂ ಬಾಲವೂ ಸೊಂಟ ಸುತ್ತಿ ಕೂಡಿದರೆ ಆಸಾಮಿ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ಅಚಲ ನಂಬಿಕೆ. ಆದ್ದರಿಂದ ಪಕ್ಕದ ಊರು ಕಳಲೆಯಿಂದ ಮಂತ್ರ ಹಾಕುವವರೊಬ್ಬರನ್ನು ಕರೆಸಿ, ಬೊಬ್ಬೆಯ ಸಾಲಿಗೆ ಅಡ್ಡಲಾಗಿ ಕೆಮ್ಮಣ್ಣಿನಲ್ಲಿ ಗೆರೆ ಎಳೆಸಿದ್ದಾಯಿತು. ಹಾವು ಗೆರೆ ದಾಟಲಿಲ್ಲ. ಬೊಬ್ಬೆ ಒಣಗಿತು, ಹಕ್ಕಳೆ ಉದುರಿತು. ಆದರೆ ಉರಿ ಮಾತ್ರ ಗೆರೆಯ ಈಚೆಯೇ ಬಿಡಾರ ಹೂಡಿತು. ಅಂಗಿಯ ಬಟ್ಟೆ ತಾಕಿದರೆ ಕೆಂಡ ಸವರಿದ ಹಾಗೆ. ಮಳೆ ಹಿಡಿದು, ಕಪಿಲಾ ಹೊಳೆ ದಡದ ಮಂಟಪದ ಮೆಟ್ಟಿಲೇರುವ ಹೊತ್ತಿಗೆ ನಾನು ದೊಗಲೆ ಜುಬ್ಬ ತೊಟ್ಟು, ಅದರ ಎಡಮಗ್ಗುಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹೊಸ ಸೀರೆ ಉಟ್ಟ ಮದುವಣಗಿತ್ತಿಯಂತೆ ಓಡಾಡುತ್ತಿದ್ದೆ.

ನನ್ನ ಹೆಂಡತಿ ದೇವಮ್ಮಣ್ಣಿ ನನ್ನಿಂದ ಉರುಳುಸೇವೆ ಮಾಡಿಸುವುದಾಗಿ ನಂಜುಂಡಪ್ಪನಿಗೆ ಹರಸಿಕೊಂಡಳು. ಎಡಪಕ್ಕೆಯಲ್ಲಿ ಬೆಂಕಿ ಇಟ್ಟುಕೊಂಡು ಉರುಳುವುದು ಹೇಗೆ? ಬಲಮಗ್ಗುಲಿಗೆ ಮಾತ್ರ ಉರುಳುವ ಸೇವೆ ಶಾಸ್ತ್ರದಲ್ಲಿಲ್ಲ. ನಮ್ಮೂರಿನಲ್ಲಿ ದೇವರೇ ವೈದ್ಯ, ವಿಷ ಕುಡಿದು ದಕ್ಕಿಸಿಕೊಂಡವನು. ಅಂಥ ಊರಿನಿಂದ ಬಸ್ಸು ಹತ್ತಿ ಮೈಸೂರಿನ ಡಾಕ್ಟರನ್ನು ಕಾಣಹೋಗುವುದು ಸ್ವಲ್ಪ ರಾಜದ್ರೋಹದ ಕೆಲಸವೇ. ಹೋದೆ.

"ಹುಣ್ಣು ಒಣಗಿರೋದು ನರಕ್ಕಿನ್ನೂ ಗೊತ್ತಾಗಿಲ್ಲ. ಅದು ಕೂಗ್ತಾನೇ ಇದೆ. ಸುಮ್ನಿರು ಅಂತ ಹೇಳೋಕೆ ಈ ಮಾತ್ರೆ," ಎಂದರು ಡಾಕ್ಟರು. "ಬಾಯಿ ಒಣಗುತ್ತೆ, ನಿದ್ದೆ ಎಳೆಯುತ್ತೆ, ಹೊಟ್ಟೆ ಕಟ್ಟುತ್ತೆ. ಮಲಗಿದ್ದೋರು, ಕೂತಿದ್ದೋರು ದಡಕ್ಕನೆ ಏಳಬೇಡಿ, ತಲೆ ಸುತ್ತುತ್ತೆ. ಕೆಲವು ವಾರ ತಡ್ಕೊಳ್ಳಿ. ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ."

ಚೀಟಿಯನ್ನು ನಂಜನಗೂಡಿನ ಮೆಡಿಕಲ್ ಸ್ಟೋರಿಗೆ ಒಯ್ದೆ. ಅಂಗಡಿಯ ನಾಗಪ್ಪ ದೂರದ ನೆಂಟ, ನನ್ನನ್ನು ಭಾವ ಎನ್ನುತ್ತಿದ್ದವನು. ಚೀಟಿ ನೋಡಿ ಅವನ ಮುಖದ ಬಣ್ಣವೇ ಬದಲಾಯಿತು.

"ಭಾವ, ಇದ್ಯಾರಿಗೆ?"

"ನನಗೇ. ಯಾಕೆ?"

ಅವನು ಅತ್ತಿತ್ತ ನೋಡಿ ದನಿ ಇಳಿಸಿದ. "ಇದು ಮನಸ್ಸಿಗೆ ಕೊಡೋದು ಭಾವ. ಮಂಕು ಕವಿದು ಮೂಲೆ ಹಿಡಿದೋರಿಗೆ. ಮನೇಲಿ ಅಕ್ಕನಿಗೆ ಗೊತ್ತಾ?"

"ನೋವಿಗೆ ಅಂತ ಕೊಟ್ಟಿದ್ದಾರಪ್ಪ."

"ಹಾಗೇ ಹೇಳಿರ್ತಾರೆ," ಎಂದು ಸಮಾಧಾನ ಮಾಡಿ, ಮಾತ್ರೆಯನ್ನು ಎರಡೆರಡು ಕಾಗದದಲ್ಲಿ ಸುತ್ತಿಕೊಟ್ಟ.

ಆ ಸಮಾಧಾನ ನನ್ನನ್ನು ನೋವಿಗಿಂತ ಹೆಚ್ಚು ಕಾಡಿತು. ಕಳಲೆಯ ನಮ್ಮ ಹಿರಿಯರ ಮನೆಯಲ್ಲಿ ಒಬ್ಬ ದೊಡ್ಡಪ್ಪ ಇದ್ದರು. ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತು ವರ್ಷಗಳನ್ನು ಕಳೆದವರು. ಯಾರಾದರೂ ಕೇಳಿದರೆ "ಅವರಿಗೆ ವಾತ" ಎನ್ನಬೇಕೆಂದು ಮಕ್ಕಳಾದ ನಮಗೆಲ್ಲ ಕಲಿಸಿದ್ದರು. ನಮ್ಮ ವಂಶದಲ್ಲಿ ವಾತ ಎಂದರೆ ಹುಚ್ಚು. ಹಾಗಿರುವಾಗ ನರದ ನೋವು ಎಂದು ಡಾಕ್ಟರು ನನಗೆ ಹೇಳಿದ್ದು ಯಾವ ಭಾಷೆಯಲ್ಲಿ? ನನ್ನ ಮುಖದಲ್ಲಿ ಅವರು ದೊಡ್ಡಪ್ಪನನ್ನು ಕಂಡು, ಸೌಜನ್ಯಕ್ಕೆ ನರದ ಹೆಸರು ಹೇಳಿರಬಾರದೇಕೆ? ಮಾತ್ರೆಯನ್ನು ವಿಭೂತಿಯ ಡಬ್ಬಿಯೊಳಗೆ ಇಟ್ಟೆ. ಮಾತ್ರೆ ಮುಗಿದ ಖಾಲಿ ಹಾಳೆಯನ್ನು ನಂಜನಗೂಡಿನಲ್ಲಿ ಯಾರ ಕಣ್ಣಿಗೂ ಬೀಳದಿರಲೆಂದು ಶಾಲೆಯ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕೆಲವು ದಿನ ನುಂಗಿ, ಹೆದರಿ ನಿಲ್ಲಿಸಿದೆ. ಉರಿ ಬಡ್ಡಿ ಸಮೇತ ವಾಪಸು ಬಂತು. ಮತ್ತೆ ನುಂಗಿದೆ.

ಡಾಕ್ಟರು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಹೊಟ್ಟೆ ಕಟ್ಟಿತು, ಲೋಕವಿಖ್ಯಾತವಾದ ನಂಜನಗೂಡಿನ ರಸಬಾಳೆ ನನ್ನ ವಿಷಯದಲ್ಲಿ ಸೋತು ಹಿಂದಿರುಗಿತು. ಪುಸ್ತಕದ ಅಕ್ಷರಗಳು ಮಳೆಯಲ್ಲಿ ನೆಂದ ಇರುವೆಗಳಂತೆ ಒಂದರ ಮೇಲೊಂದು ಹತ್ತಿದವು. ಬೆಳಗಿನ ಬಸ್ಸಿನಲ್ಲಿ ಎಂಥ ನಿದ್ದೆಯೆಂದರೆ, ಒಂದು ದಿನ ನರಸೀಪುರ ದಾಟಿ ಮೂಗೂರಿನಲ್ಲಿ ಕಂಡಕ್ಟರು ಅಲುಗಾಡಿಸಿ ಎಬ್ಬಿಸಿದ. "ಏನ್ ಮೇಷ್ಟ್ರೇ, ಬೆಳಗ್ಗೆಗೇ?" ಎಂದು ನಕ್ಕ. ಆ ನಗುವಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಪ್ರಾರ್ಥನೆಗೆ ಎದ್ದು ನಿಂತಾಗ ತಲೆ ಸುತ್ತಿ ಧ್ವಜದ ಕಂಬ ಹಿಡಿದುಕೊಂಡದ್ದನ್ನು ಇಡೀ ಶಾಲೆ ಕಂಡಿತು.

ಎಲ್ಲಕ್ಕಿಂತ ಘೋರವಾದದ್ದು ಬಾಯಿ. ಪದ್ಯ ಎತ್ತಿಕೊಂಡರೆ ಎರಡನೇ ಸಾಲಿಗೆ ನಾಲಿಗೆ ಹಲ್ಲಿಗೆ ಅಂಟುತ್ತಿತ್ತು. ಮಾತು ತೊದಲುತ್ತಿತ್ತು. ದೇವಮ್ಮಣ್ಣಿ ಎರಡು ಉಪಾಯ ಮಾಡಿದಳು. ಒಂದು, ಬಾಯಲ್ಲಿ ನೀರೂರಲೆಂದು ಲವಂಗ, ಏಲಕ್ಕಿ. ಇನ್ನೊಂದು, ಗುಟುಕು ಗುಟುಕಾಗಿ ಕುಡಿಯಲು ಜೀರಿಗೆ ನೀರು. ಈಗಿನಂತೆ ಜನ ನೀರಿನ ಬಾಟಲಿ ನೇತುಹಾಕಿಕೊಂಡು ತಿರುಗುವ ಕಾಲವಲ್ಲ ಅದು. ಅವಳು ಹಳೇ ಪೇಪರಿನವನ ಹತ್ತಿರ ಹುಡುಕಿ, ಒಂದು ಚಪ್ಪಟೆ ಗಾಜಿನ ಬಾಟಲಿ ಕೊಂಡು, ಸೀಗೆಪುಡಿ ಹಾಕಿ ತೊಳೆದು ತುಂಬಿಕೊಟ್ಟಳು.

"ನೋಡಿ, ಎಷ್ಟು ಲಕ್ಷಣವಾಗಿದೆ. ಜುಬ್ಬದ ಜೇಬಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಪನ್ನೀರಿಂದಿರಬೇಕು."

ನಿಜವಾಗಿಯೂ ಅಳತೆ ಕೊಟ್ಟು ಮಾಡಿಸಿದಂತೆಯೇ ಇತ್ತು. ಮೂರು ತಲೆಮಾರಿನಿಂದ ಹೆಂಡದ ಹನಿ ಒಳಗೆ ಬಾರದ ಮನೆ ನಮ್ಮದು. ಅಂಥ ಬಾಟಲಿ ಯಾಕೆ ಆ ಆಕಾರದಲ್ಲಿ ಇರುತ್ತದೆ ಎಂದು ತಿಳಿದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ನರಸೀಪುರದಲ್ಲಿ ಎಲ್ಲರಿಗೂ ತಿಳಿದಿತ್ತು.

ನಾನು ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ, ಜೇಬಿನಿಂದ ಬಾಟಲಿ ತೆಗೆದು, ಒಂದು ಗುಟುಕು ಕುಡಿದು, ಲವಂಗ ಕಚ್ಚಿ, ಪದ್ಯ ಮುಂದುವರಿಸುತ್ತಿದ್ದೆ. ತರಗತಿ ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿರುತ್ತಿತ್ತು. ಕಾವ್ಯದ ಪ್ರಭಾವವೆಂದು ತಿಳಿದಿದ್ದೆ.

ಕಣ್ಣು ತೆರೆಸಿದವರು ಗಣಿತದ ಸಿದ್ದರಾಜು. ಹುಲ್ಲಹಳ್ಳಿ ಕಡೆಯವರು, ನನಗಿಂತ ಚಿಕ್ಕವರು, ಮುಖಕ್ಕೆ ಹೊಡೆದಂತೆ ಮಾತಾಡುವವರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿ ಬಂದು ಕುಳಿತರು.

"ಸಾ, ತಪ್ಪು ತಿಳ್ಕೋಬೇಡಿ. ಎಷ್ಟು ದಿನದಿಂದ?"

"ಬೇಸಿಗೆಯಿಂದ ಸಿದ್ದರಾಜು. ತಡೆಯೋಕಾಗ್ತಿಲ್ಲ."

"ತಡೆಯೋಕಾಗಲ್ಲ ನಿಜ. ಆದ್ರೆ ಕ್ಲಾಸಲ್ಲೇ ಕ್ವಾರ್ಟರ್ ಎತ್ತೋದಾ ಸಾ? ಮೇಲೆ ವಾಸನೆ ಬರ್ದೇ ಇರ್ಲಿ ಅಂತ ಲವಂಗ ಬೇರೆ!"

ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು ನೋಡಿದೆ. ಅದು ನನ್ನನ್ನು ನೋಡಿತು. ವಿಷಯ ತಿಳಿಸಿದಾಗ ಅವರು ಅದನ್ನೆತ್ತಿ ಮೂಸಿ, ಮೇಜು ಬಡಿದು ನಕ್ಕರು. ಮಾತ್ರೆ ಯಾವುದಕ್ಕೆ ಕೊಡುವಂಥದ್ದು ಎಂಬುದನ್ನೂ ಹೇಳಿದೆ. ಆಗ ನಗು ನಿಂತಿತು.

"ಅದನ್ನ ಮಾತ್ರ ಯಾರಿಗೂ ಹೇಳ್ಬೇಡಿ ಸಾ," ಎಂದರು. ಬಾಟಲಿಯ ಮುಚ್ಚಳ ಬಿಗಿದು ನನ್ನ ಕಡೆ ತಳ್ಳಿ, "ನಮ್ಮೋರು ಕುಡಿದ್ರೆ ಜಾತಿ ಬುದ್ಧಿ ಅಂತಾರೆ. ನೀವು ಕುಡಿದ್ರೆ, ಪಾಪ ಏನು ಸಂಕಟವೋ ಅಂತಾರೆ. ಆದ್ರೆ ತಲೆ ಕೆಟ್ಟಿದೆ ಅಂದ್ರೆ ನಿಮಗೂ ನಮಗೂ ಒಂದೇ ರೇಟು," ಎಂದರು.

ಅಷ್ಟರಲ್ಲಿ ದೂರು ಶಾಲೆಯ ಸೆಕ್ರೆಟರಿ ಮಲ್ಲೇಶಪ್ಪನವರ ಕಿವಿ ಮುಟ್ಟಿತ್ತು. ರೈಸ್ ಮಿಲ್ಲಿನ ಯಜಮಾನರು. ಶನಿವಾರ ಶಾಲೆ ಬಿಟ್ಟ ಮೇಲೆ ಮಿಲ್ಲಿಗೆ ಬರಬೇಕೆಂದು ಹೇಳಿಕಳಿಸಿದರು. ಆ ವಾರವೆಲ್ಲ ಲೆಕ್ಕ ಹಾಕಿದೆ. ಕುಡಿಯುತ್ತೇನೆ ಎಂದರೆ ಹತ್ತನೇ ತರಗತಿ ಹೋಗುತ್ತದೆ. ಕುಡಿಯುವುದಿಲ್ಲ, ಮಾತ್ರೆ ಎಂದರೆ ಯಾವ ಮಾತ್ರೆ ಎಂದು ಕೇಳುತ್ತಾರೆ. ಆಗಲೂ ಹೋಗುತ್ತದೆ. ಎರಡು ಉತ್ತರಗಳನ್ನೂ ಬಸ್ಸಿನಲ್ಲಿ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಾ ಹೋಗುತ್ತಿದ್ದೆ. ಎರಡರ ಮಧ್ಯದಲ್ಲಿ ನಿದ್ದೆ ಬರುತ್ತಿತ್ತು. ಹೊರಗೆ ಮಳೆ. ಕಪಿಲೆ ಕೆಂಪಗೆ ಏರಿ ಗದ್ದೆಗೆ ನುಗ್ಗಿದ್ದಳು.

ಮಿಲ್ಲಿನ ಬೆಲ್ಟು ದಡಬಡ ಬಡಿಯುತ್ತಿತ್ತು. ತೌಡಿನ ಧೂಳಿನ ನಡುವೆ ಮಲ್ಲೇಶಪ್ಪನವರು ಬಹಳ ಮರ್ಯಾದೆಯಿಂದಲೇ ಮಾತು ತೆಗೆದರು.

"ಕೂತ್ಕೊಳ್ಳಿ ಮೇಷ್ಟ್ರೇ. ಸಂಕಟ ಯಾರಿಗಿಲ್ಲ? ನಾನೇನು ಸನ್ಯಾಸಿಯಾ? ಆದ್ರೆ ಹೊತ್ತು ಗೊತ್ತು ಬೇಡ್ವಾ?"

ನಾನು ಬಾಟಲಿಯನ್ನು ಮುಂದಿಟ್ಟೆ. ಅವರು ಮುಚ್ಚಳ ತಿರುಗಿಸಿ, ಅನುಭವಸ್ಥ ಮೂಗಿನಿಂದ ಪರೀಕ್ಷಿಸಿ, ಅಂಗೈಗೆ ಸುರಿದು ನೆಕ್ಕಿದರು.

"ಜೀರಿಗೆ ನೀರು!" ಎಂದರು, ಕಲಬೆರಕೆ ಭತ್ತ ಸಿಕ್ಕವರ ದನಿಯಲ್ಲಿ. "ಮತ್ತೆ ತೂರಾಡೋದು, ತೂಕಡಿಸೋದು?"

ಹೇಳಿದೆ. ಸರ್ಪಸುತ್ತು, ನರ, ಮಾತ್ರೆ. ಯಾವ ಮಾತ್ರೆ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರ ಕುರ್ಚಿ ಒಂದು ಗೇಣು ಹಿಂದಕ್ಕೆ ಸರಿಯಿತು. ಆ ಕುರ್ಚಿಯ ಸದ್ದು ಬೆಲ್ಟಿನ ಸದ್ದನ್ನು ಮೀರಿ ನನಗೆ ಕೇಳಿಸಿತು.

"ನೋವಿಗೂ ಇದನ್ನ ಕೊಡ್ತಾರೆ," ಎಂದೆ.

"ಕೊಡ್ತಾರೆ ಸ್ವಾಮಿ, ನಾನು ನಂಬ್ತೀನಿ. ಊರು ನಂಬುತ್ತಾ?" ಸ್ವಲ್ಪ ಯೋಚಿಸಿದರು. "ಒಂದು ಕೆಲಸ ಮಾಡೋಣ. ಕುಡಿತ ಅಂತಾನೇ ಇರ್ಲಿ. ಮೇಷ್ಟ್ರು ಕುಡೀತಿದ್ರು, ಈಗ ಬಿಟ್ರು, ಬಿಡೋಕೆ ಮೈಸೂರಿಂದ ಮಾತ್ರೆ ತಂದು ತಗೊಳ್ತಾವ್ರೆ ಅಂತ ನಾನೇ ನಾಲ್ಕು ಜನಕ್ಕೆ ಹೇಳ್ತೀನಿ. ಕುಡಿತ ಬಿಟ್ಟೋನನ್ನ ಜನ ತಲೆ ಮೇಲೆ ಕೂರಿಸ್ಕೊಳ್ತಾರೆ. ತಲೆ ಕೆಟ್ಟೋನ ಕೈಗೆ ಹತ್ತನೇ ಕ್ಲಾಸ್ ಮಕ್ಕಳನ್ನ ಕೊಡ್ತಾರಾ? ನೀವೇ ಹೇಳಿ."

ಪ್ರತಿಭಟಿಸಿ ಎದ್ದು ಹೋಗುವ ಮನಸ್ಸೇನೋ ಬಂದಿತ್ತು. ಆದರೆ ದಡಕ್ಕನೆ ಏಳಬಾರದೆಂದು ಡಾಕ್ಟರ ಅಪ್ಪಣೆ. ಕುರ್ಚಿಯ ಅಂಚಿಗೆ ಬಂದು, ತಲೆ ತಗ್ಗಿಸಿ, ಉಸಿರೆಳೆದು ಸ್ವಲ್ಪ ಹೊತ್ತು ಕುಳಿತೆ. ಅದನ್ನು ಅವರು ಒಪ್ಪಿಗೆ ಎಂದು ತಿಳಿದು, "ಒಳ್ಳೇದಾಯ್ತು," ಎಂದು ಕೈ ಮುಗಿದರು.

ಹೀಗೆ ನಾನು ಎಂದೂ ಕುಡಿಯದೆ ಕುಡಿತ ಬಿಟ್ಟೆ. ಮಲ್ಲೇಶಪ್ಪನವರ ಲೆಕ್ಕ ತಪ್ಪಲಿಲ್ಲ. ಹೋಟೆಲಿನವನು ಕಾಫಿಗೆ ಸಕ್ಕರೆ ಹೆಚ್ಚು ಹಾಕಿಕೊಟ್ಟ. ಮೂಗೂರಿನ ಕಂಡಕ್ಟರು ಕಿಟಕಿಯ ಸೀಟು ಬಿಡಿಸಿಕೊಟ್ಟು, "ಗಂಡ್ಸು ಅಂದ್ರೆ ನೀವು ಮೇಷ್ಟ್ರೇ," ಎಂದ. ಮೂರು ದಶಕ ಪದ್ಯ ಓದಿ ಸಿಗದಿದ್ದ ಗೌರವ ಕುಡಿಯದಿದ್ದ ಹೆಂಡದಿಂದ ಸಿಕ್ಕಿತು. ದೇವಮ್ಮಣ್ಣಿಗೆ ಹೇಳಿದಾಗ ಬಾಟಲಿಯನ್ನು ಹಿತ್ತಲ ಕಲ್ಲಿಗೆ ಅಪ್ಪಳಿಸಿ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆ ಎರಡು ದಿನವೂ ಜೀರಿಗೆ ನೀರು ಮಾತ್ರ ತಪ್ಪಲಿಲ್ಲ, ಹಿತ್ತಾಳೆ ಚೊಂಬಿನಲ್ಲಿ.

ಮತ್ತೆ ಮೈಸೂರಿಗೆ ಹೋದಾಗ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ, ನನಗೆ ತಲೆ ಕೆಟ್ಟಿದೆಯೇ ಎಂದು. ಅವರು ಪೆನ್ನು ಕೆಳಗಿಟ್ಟರು. "ಮನಸ್ಸಿಗೆ ಕೊಡೋ ಮಾತ್ರೆಯೇ. ಆದ್ರೆ ನಿಮಗೆ ಕೊಟ್ಟಿರೋದು ತೀರಾ ಕಡಿಮೆ, ನರಕ್ಕೆ ಅಂತ. ಒಂದು ವೇಳೆ ಮನಸ್ಸಿಗೇ ಆಗಿದ್ದಿದ್ರೂ ನಾಚಿಕೆ ಯಾಕೆ?" ಎಂದರು. ದೊಡ್ಡಪ್ಪನ ಬೆನ್ನು ನೆನಪಾಯಿತು. ಮಾತ್ರೆಯನ್ನು ಮಲಗುವ ಹೊತ್ತಿಗಲ್ಲ, ಸಂಜೆ ದೀಪ ಹಚ್ಚುವಾಗಲೇ ನುಂಗಿದರೆ ಬೆಳಗಿನ ಮಂಕು ಕಡಿಮೆಯಾಗುತ್ತದೆ ಎಂದು ತಿದ್ದಿಕೊಟ್ಟರು. ಆಯಿತು. ನವರಾತ್ರಿಯ ಹೊತ್ತಿಗೆ ಬಾಯಿಗೆ ಸ್ವಲ್ಪ ತೇವ ಬಂತು, ಜುಬ್ಬ ಮೈಗೆ ತಾಕಿದರೂ ಸಹಿಸುವಂತಾಯಿತು. ಒಂದು ಬೆಳಿಗ್ಗೆ ಇಡೀ ಪದ್ಯವನ್ನು ಲವಂಗವಿಲ್ಲದೆ ಓದಿ ಮುಗಿಸಿದೆ. ಹತ್ತನೇ ತರಗತಿ ದಕ್ಕಿತು ಎಂದುಕೊಂಡೆ.

ದೀಪಾವಳಿ ರಜೆ ಮುಗಿದ ಮೇಲೊಂದು ಬೆಳಿಗ್ಗೆ, ಶಾಲೆಯ ಕಸ ಗುಡಿಸುವ ಪುಟ್ಟತಾಯಮ್ಮ ಎಲೆಯಲ್ಲಿ ಬಾಳೆಹಣ್ಣು, ಹೂವು ಇಟ್ಟುಕೊಂಡು ಸ್ಟಾಫ್ ರೂಮಿಗೆ ಬಂದಳು. ನಾನು, ಸಿದ್ದರಾಜು ಇಬ್ಬರೇ ಇದ್ದೆವು. ಅವಳ ಗಂಡ ಚಿಕ್ಕಣ್ಣ ಟ್ರ್ಯಾಕ್ಟರ್ ಓಡಿಸುವವನು. ಸಂಜೆಯಾದರೆ ಅವನನ್ನೇ ಯಾರಾದರೂ ನಡೆಸಿಕೊಂಡು ಬರಬೇಕಾಗಿತ್ತು.

"ಬುದ್ಧೀ, ನಿಮ್ ಎಸರೇಳಿ ನಂಜುಂಡಪ್ಪುನ್ಗೆ ಅಣ್ಣು ಕಾಯಿ ಮಾಡ್ಸ್ಕ ಬಂದೆ. ನಮ್ಮೋನೂ ಬುಡ್ತಾವ್ನೆ ಕಣಿ."

"ಏನನ್ನ?"

"ಕುಡ್ತವ. ನಿಮ್ ಮಾತ್ರೆನೇ." ಅವಳು ಸೆರಗಿನ ಗಂಟು ಬಿಚ್ಚಿ, ಕಸದ ಬುಟ್ಟಿಯಿಂದ ಆಯ್ದಿಟ್ಟುಕೊಂಡಿದ್ದ ನನ್ನ ಮಾತ್ರೆಯ ಖಾಲಿ ಹಾಳೆ ತೋರಿಸಿದಳು. "ಇದ್ನ ತೋರ್ಸಿ ಮೆಡಿಕಲ್ಲಲ್ಲಿ ತಂದೆ. ಗೊತ್ತಾಗ್ದಂಗೆ ಅರ್ದು ಸಾರ್ಗೆ ಆಕ್ತಾ ಇವ್ನಿ."

ನನ್ನ ನಾಲಿಗೆ ಮತ್ತೆ ಅಂಗುಳಿಗೆ ಅಂಟಿತು. "ಎಷ್ಟು ಹಾಕಿದ್ದೀಯಮ್ಮ?"

"ಮೊದಮೊದ್ಲು ಒಂದೊಂದು. ನಮ್ಮೋನ್ದು ಅಳೇ ಕುಡ್ತ ಅಲ್ವಾ ಬುದ್ಧಿ, ಒಂದ್ಕೆಲ್ಲ ಜಗ್ಗಾನಾ? ನೆನ್ನೆ ಕೈಗ್ ಸಿಕ್ಕಿದ್ದ ಅಷ್ಟೂ ಆಕ್ಬುಟ್ಟೆ."

"ನಿನ್ನೆ ಕುಡಿದು ಬಂದಿದ್ದನಾ?"

"ಕುಡ್ದೇ ಬಂದಿದ್ದ. ಅದ್ಕೇ ಅಲ್ವಾ ಆಕಿದ್ದು! ಈಗ್ಲೂ ಎದ್ದಿಲ್ಲ. ಮಗ ಮಲ್ಗ್ದಂಗೆ ಮಲ್ಗವ್ನೆ. ಅಲ್ಲಾಡುಸುದ್ರೂ ಕಣ್ ಬುಡಾಕಿಲ್ಲ."

ಆ ಹೊತ್ತು ನಾನು ದಡಕ್ಕನೆ ಎದ್ದೆ. ತಲೆ ಸುತ್ತಿತೋ ಇಲ್ಲವೋ ನೆನಪಿಲ್ಲ. ಸಿದ್ದರಾಜು ಆಗಲೇ ಸ್ಕೂಟರು ತರಲು ಓಡಿದ್ದರು. ಅವಳ ಮನೆಯಲ್ಲಿ ಚಿಕ್ಕಣ್ಣ ಬಾಯಿ ತೆರೆದು ಮಲಗಿದ್ದ, ತುಟಿ ಒಣಗಿ ಸೀಳಿತ್ತು, ಮೈ ಕಾದ ಹಂಚಿನಂತಿತ್ತು. ಆಟೋದಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ಎಡಪಕ್ಕೆಗೆ ಒರಗಿ ಬಡಿಯುತ್ತಿತ್ತು. ಪ್ರತಿ ಹೊಡೆತಕ್ಕೂ ಕೆಂಡ. ಸರಿಯಲು ಜಾಗವಿರಲಿಲ್ಲ, ಅವನು ಉಸಿರಾಡುತ್ತಿದ್ದಾನೆ ಎಂದು ತಿಳಿಯಲು ಬೇರೆ ದಾರಿಯೂ ಇರಲಿಲ್ಲ.

ಡ್ಯೂಟಿಯಲ್ಲಿ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬಾಗಿಲಲ್ಲಿ ಆಗಲೇ ಜನ ಕೂಡಿದ್ದರು. ಅರ್ಧ ಜನ ನಮ್ಮ ಶಾಲೆಯ ಮಕ್ಕಳ ತಂದೆ ತಾಯಂದಿರು.

"ಏನು ಕೊಟ್ಟಿದ್ದು? ಯಾರು ಕೊಟ್ಟಿದ್ದು?" ಎಂದು ಗದರಿದರು ಡಾಕ್ಟರಮ್ಮ.

ಪುಟ್ಟತಾಯಮ್ಮ ಸೆರಗಿನ ಗಂಟು ಬಿಚ್ಚಿ ಖಾಲಿ ಹಾಳೆ ಕೊಟ್ಟಳು. "ಕುಡ್ತ ಬುಡ್ಸೋ ಮಾತ್ರೆ ಕಣವ್ವಾ."

"ಇದು ಕುಡಿತ ಬಿಡಿಸೋದಾ? ಯಾರಮ್ಮ ಹೇಳಿದ್ದು ನಿನಗೆ? ಗಂಡನ್ನ ಸಾಯಿಸೋಕೆ ಹೊರಟಿದ್ದೀಯಾ? ಪೊಲೀಸ್ನೋರಿಗೆ ತಿಳಿಸಬೇಕಾಗುತ್ತೆ."

ಪುಟ್ಟತಾಯಮ್ಮ ನನ್ನ ಕಡೆ ನೋಡಿದಳು. ಬೆರಳು ತೋರಿಸಲಿಲ್ಲ, ಬರೀ ನೋಡಿದಳು. ಸಿದ್ದರಾಜು ನೆಲ ನೋಡಿದರು. ಜನರೆಲ್ಲ ಎತ್ತ ನೋಡುತ್ತಿದ್ದರೆಂದು ನಾನು ನೋಡಲಿಲ್ಲ.

"ಮಾತ್ರೆ ನನ್ನದು," ಎಂದೆ. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವಂತೆ ಹೇಳಿ ರೂಢಿಯಾದ ಗಂಟಲು; ತಗ್ಗಿಸಲು ಬರಲಿಲ್ಲ. "ಇದು ಕುಡಿತಕ್ಕಲ್ಲ. ನಾನು ಎಂದೂ ಕುಡಿದವನಲ್ಲ. ಇದು ಮನಸ್ಸಿನ ಕಾಯಿಲೆಗೆ ಕೊಡುವ ಮಾತ್ರೆ. ನನಗೆ ನರದ ನೋವಿಗೆ ಕೊಟ್ಟಿದ್ದಾರೆ, ದಿನಕ್ಕೆ ಒಂದು. ಕುಡಿತದ ಮಾತ್ರೆ ಅಂತ ಊರಲ್ಲಿ ಹಬ್ಬಿತ್ತು, ನಾನು ಅಲ್ಲ ಅನ್ನಲಿಲ್ಲ. ಈಕೆ ಅದನ್ನ ನಂಬಿದಳು. ಈಕೆಯ ತಪ್ಪೇನೂ ಇಲ್ಲ."

ಡಾಕ್ಟರಮ್ಮ ಒಂದು ಕ್ಷಣ ನನ್ನ ಮುಖ ನೋಡಿ, ತಲೆಯಾಡಿಸಿ, ಒಳಗೆ ಓಡಿದರು. ಬಾಗಿಲ ಹತ್ತಿರ ಯಾರೋ ಇನ್ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. "ಕುಡೀತಿರ್ಲಿಲ್ವಂತೆ ಕಣ್ಲಾ. ತಲೆ ಸರಿಗಿಲ್ವಂತೆ."

ಚಿಕ್ಕಣ್ಣನನ್ನು ಅಲ್ಲಿಂದ ಮೈಸೂರಿಗೆ ಕಳಿಸಿದರು; ಪೊಲೀಸರ ಮಾತು ಮತ್ತೆ ಬರಲಿಲ್ಲ. ಎರಡು ದಿನ ಪುಟ್ಟತಾಯಮ್ಮನಿಗೂ ನನಗೂ ಅನ್ನ ಇಳಿಯಲಿಲ್ಲ. ಮೂರನೇ ದಿನ ಅವನು ಕಣ್ಣು ಬಿಟ್ಟು, "ಯಾವನ್ಲಾ ನನ್ನ ಇಲ್ ತಂದ್ ಮಲಗ್ಸಿದ್ದು?" ಎಂದು ಕೇಳಿದನಂತೆ. ಅವನನ್ನು ನೋಡಿ ಬಂದ ಸಿದ್ದರಾಜು, "ಬಾಯಿ ಒಣಗ್ತಾ ಅದೆ ಅಂತಾವ್ನೆ ಸಾ. ಒಂದು ಲವಂಗ ಕೊಟ್ಟು ಬಂದೆ," ಎಂದರು.

ಮಲ್ಲೇಶಪ್ಪನವರು ನನ್ನನ್ನು ಮಿಲ್ಲಿಗೆ ಕರೆಸಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೈ ಮುಗಿದು, "ಸ್ವಲ್ಪ ತಡ್ಕೋಬಹುದಿತ್ತು ಮೇಷ್ಟ್ರೇ," ಎಂದಷ್ಟೇ ಹೇಳಿ ಮುಂದೆ ಹೋದರು. ಆ ವರ್ಷದ ಹತ್ತನೇ ತರಗತಿಗೆ ಪರೀಕ್ಷೆಯವರೆಗೂ ನಾನೇ ಪಾಠ ಮಾಡಿದೆ, ನಡುವೆ ಬದಲಿಸುವುದು ಕಷ್ಟವೆಂದು. ನೋವು ಶಿವರಾತ್ರಿಯ ಹೊತ್ತಿಗೆ ಬಿಟ್ಟುಹೋಯಿತು. ಡಾಕ್ಟರು ಹೇಳಿದಂತೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದೆ. ಜೂನಿನಲ್ಲಿ ಹೊಸ ಟೈಂಟೇಬಲ್ ಬಂತು. ಹತ್ತನೇ ತರಗತಿಯ ಕನ್ನಡವನ್ನು ಬೇರೆಯವರಿಗೆ ಕೊಟ್ಟಿದ್ದರು. ನನಗೆ ಎಂಟನೇ ತರಗತಿ ಬಂದಿತ್ತು. ನಿವೃತ್ತಿಯಾಗುವವರೆಗೆ ಅದನ್ನೇ ಪಾಠ ಮಾಡಿದೆ.